ಡ್ರಗ್ ಡಿಸ್ಕವರಿಯಲ್ಲಿ ಪಿಎಚ್‌ಡಿ: ಮೂರು ಲ್ಯಾಬ್ ಕರೆದಿವೆ, ಯಾವುದಕ್ಕೆ ಹೂಂ ಅನ್ನಲಿ?

ಅರ್ಧಮಾತ್ರೆ:

ಎಲ್ಲರಿಗೂ ನಮಸ್ಕಾರ. ಫಾರ್ಮಾಸ್ಯುಟಿಕಲ್ ಕೆಮಿಸ್ಟ್ರಿಯಲ್ಲಿ ಮಾಸ್ಟರ್ಸ್ ಮುಗಿಸಿ ಎರಡು ವರ್ಷದಿಂದ ಒಂದು ಕಂಪನಿಯ ಕ್ವಾಲಿಟಿ ಕಂಟ್ರೋಲ್‌ನಲ್ಲಿದ್ದೇನೆ. ಎಚ್‌ಪಿಎಲ್‌ಸಿ (ಮಾದರಿಯಲ್ಲಿರೋದನ್ನು ಬೇರ್ಪಡಿಸಿ ಅಳೆಯೋ ಯಂತ್ರ) ಮುಂದೆ ಕೂತು, ಯಾರೋ ಯಾವತ್ತೋ ಕಂಡುಹಿಡಿದ ಔಷಧ ಮಾತ್ರೆಯೊಳಗೆ ಹೇಳಿದಷ್ಟು ಇದೆಯೋ ಇಲ್ಲವೋ ನೋಡುವುದು ಕೆಲಸ. ಕೆಲಸದ ಮೇಲೆ ದೂರಿಲ್ಲ. ಆದರೆ ಪೀಕ್ ಬರಲಿ ಅಂತ ಆರು ನಿಮಿಷ ಪರದೆ ನೋಡ್ತಾ ಕೂತಾಗ, ಈ ಅಣುವಿನ ಈ ಮೂಲೆಗೆ ಒಂದು ಫ್ಲೋರಿನ್ ಅಂಟಿಸಿದವರು ಯಾರು, ಅಲ್ಲೇ ಯಾಕೆ ಅಂಟಿಸಿದರು ಅಂತ ತಲೆಯಲ್ಲಿ ಹುಳ ಕೊರೆಯೋಕೆ ಶುರುವಾಗುತ್ತೆ. ಹಾಗಾಗಿ ಪಿಎಚ್‌ಡಿಗೆ ಅರ್ಜಿ ಹಾಕಿದೆ. ಮೂರು ಕಡೆ ಕರೆದಿದ್ದಾರೆ. ಈಗ ಅದೇ ತಲೆನೋವು.

ಮೊದಲನೇ ಲ್ಯಾಬ್ ಪೂರ್ತಿ ಕಂಪ್ಯೂಟರ್. ಡಾಕಿಂಗ್ (ಅಣು ಪ್ರೋಟೀನಿನಲ್ಲಿ ಹೇಗೆ ಕೂರುತ್ತೆ ಅಂತ ಕಂಪ್ಯೂಟರಿನಲ್ಲಿ ಊಹಿಸೋದು), ಮೆಷಿನ್ ಲರ್ನಿಂಗ್, ಕ್ಯಾನ್ಸರ್‌ಗೆ ಸಂಬಂಧಿಸಿದ ನಾಲ್ಕು ಪ್ರೋಟೀನ್‌ಗಳ ಮೇಲೆ ಒಟ್ಟಿಗೆ ಕೆಲಸ. ಪೇಪರ್‌ಗಳು ಮೇಲಿಂದ ಮೇಲೆ ಬರ್ತಾ ಇವೆ. ಎರಡನೆಯದು ಚಿಕ್ಕದು, ಗೈಡ್ ಜೊತೆಗೆ ನಾಲ್ಕೇ ವಿದ್ಯಾರ್ಥಿಗಳು. ಒಂದು ಪರಾವಲಂಬಿ ಜೀವಿಯ ಒಂದೇ ಒಂದು ಕಿಣ್ವವನ್ನು ಹಿಡಿದು ಹತ್ತು ವರ್ಷದಿಂದ ಕೂತಿದ್ದಾರೆ. ಅಣುಗಳನ್ನು ತಾವೇ ಮಾಡ್ತಾರೆ, ತಾವೇ ಟೆಸ್ಟ್ ಮಾಡ್ತಾರೆ. ಪೇಪರ್ ಕಡಿಮೆ, ಮುಗಿಸೋಕೆ ಆರು ವರ್ಷ ತಗೊಂಡವರೂ ಇದ್ದಾರೆ. ಮೂರನೆಯದು ಡೆವಲಪ್‌ಮೆಂಟ್ ಕಡೆಯದು: ಫಾರ್ಮುಲೇಷನ್, ನ್ಯಾನೋಕಣ, ರಕ್ತದಲ್ಲಿ ಔಷಧ ಎಷ್ಟು ಹೊತ್ತು ಉಳಿಯುತ್ತೆ ಅನ್ನೋ ಲೆಕ್ಕ.

ನನಗೆ ಗೊತ್ತಾಗಬೇಕಾಗಿರೋದು ಇಷ್ಟು. ಐದು ವರ್ಷದಲ್ಲಿ ಒಂದು ಔಷಧ ಅನ್ನೋ ಹಂತಕ್ಕೆ ಏನಾದರೂ ಮುಟ್ಟುತ್ತಾ? ಎಐ ಬಂದಿರುವಾಗ ಫ್ಯೂಮ್ ಹುಡ್ ಮುಂದೆ ನಿಂತು ಕಾಲಮ್ ಹಾಕಿ ಅಣು ಶುದ್ಧ ಮಾಡೋದು ಕಲಿಯೋದರಲ್ಲಿ ಅರ್ಥ ಇದೆಯಾ? ಡಿಸ್ಕವರಿ ಬಿಟ್ಟು ಡೆವಲಪ್‌ಮೆಂಟ್‌ಗೆ ಹೋದರೆ ಎರಡನೇ ದರ್ಜೆ ಅಂತ ನೋಡ್ತಾರಾ? ನಮ್ಮ ಆಫೀಸಿನ ಹಿರಿಯರೊಬ್ಬರು "ಕ್ಯಾನ್ಸರ್ ಇರೋ ಕಡೆ ಹೋಗು, ಕೆಲಸ ಸಿಗುತ್ತೆ" ಅಂತಾರೆ. ಅನುಭವ ಇರೋರು ಸ್ವಲ್ಪ ಹೇಳಿ.


ಸೋಸುಕಾಗದ:

ಅರ್ಧಮಾತ್ರೆ ಅವರೇ, ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, ಮುಟ್ಟಲ್ಲ. ಮನುಷ್ಯರ ಮೇಲಿನ ಪ್ರಯೋಗಕ್ಕೆ ಕಾಲಿಟ್ಟ ಅಣುಗಳಲ್ಲೇ ಹತ್ತಕ್ಕೆ ಒಂದು ಮಾತ್ರ ಕೊನೆಗೆ ಅನುಮತಿ ಪಡೆಯುತ್ತೆ. ಆ ಬಾಗಿಲಿನವರೆಗೆ ಬರೋದೇ ದೊಡ್ಡ ದಾರಿ. ಶುರುವಿನಿಂದ ಕೊನೆವರೆಗೆ ಹತ್ತು ಹದಿನೈದು ವರ್ಷದ ಮಾತು. ಇದು ತಲೆಯಲ್ಲಿದ್ದರೆ ಲ್ಯಾಬ್ ಆರಿಸೋ ರೀತಿಯೇ ಬೇರೆ ಆಗುತ್ತೆ. ನನಗೆ ಇದು ತಡವಾಗಿ ಗೊತ್ತಾಯ್ತು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ನಾನು ಸೇರಿದಾಗ ನಮ್ಮ ಲ್ಯಾಬಿನಲ್ಲಿ ಒಂದು ಪ್ರೋಟಿಯೇಸ್ ಕಿಣ್ವದ ಮೇಲೆ ಸುಮಾರು ಮೂರು ಸಾವಿರ ಕಾಂಪೌಂಡ್‌ಗಳನ್ನು ಸ್ಕ್ರೀನ್ ಮಾಡಿ ಮುಗಿಸಿದ್ದರು. ಹನ್ನೊಂದು ಹಿಟ್, ಅಂದರೆ ಕಿಣ್ವವನ್ನು ತಡೆಯೋ ಹಾಗೆ ಕಂಡ ಅಣುಗಳು, ಸಿಕ್ಕಿದ್ದವು. ಅದರಲ್ಲಿ ಅತ್ಯಂತ ಚೆಂದದ್ದು, ಐಸಿ50 (ಕಿಣ್ವದ ಕೆಲಸ ಅರ್ಧಕ್ಕೆ ಇಳಿಸೋಕೆ ಬೇಕಾದ ಪ್ರಮಾಣ, ಕಡಿಮೆ ಇದ್ದಷ್ಟೂ ಒಳ್ಳೇದು) ಮೂರು ಮೈಕ್ರೋಮೋಲಾರ್, ನನ್ನ ಪಾಲಿಗೆ ಬಂತು. ಅದನ್ನು ನಾನು ಕೆಡಿಸಿ, ಕಟ್ಟಿ, ಇಪ್ಪತ್ತನಾಲ್ಕು ಅಣ್ಣತಮ್ಮಂದಿರನ್ನು ಮಾಡಿದೆ. ಕ್ಲೋರಿನ್ ತೆಗೆದು ಮೀಥೈಲ್ ಇಟ್ಟೆ, ಐಸಿ50 ಎರಡೂವರೆ. ಒಂದು ರಿಂಗನ್ನೇ ಕತ್ತರಿಸಿ ಬಿಸಾಕಿದೆ, ನಾಲ್ಕು. ಬೇಕಂತಲೇ ತಪ್ಪು ಜಾಗಕ್ಕೆ ದಪ್ಪ ಗುಂಪೊಂದನ್ನು ಸೇರಿಸಿದೆ, ಐದು. ಏನು ಮಾಡಿದರೂ ಕೆಲಸ ಮಾಡುತ್ತೆ ಅಂತ ನನಗೆ ಒಳಗೊಳಗೇ ಹಿಗ್ಗು. ಇಂಥ ಗಟ್ಟಿ ಅಣು ಯಾರಿಗೆ ಸಿಗುತ್ತೆ ಅಂತ.

ನಿಜವಾಗಿ ಪ್ರೋಟೀನಿನ ಜೇಬಿನೊಳಗೆ ಕೂರೋ ಅಣು ಹೀಗೆ ಉದಾರವಾಗಿರಲ್ಲ, ಬಹಳ ತಕರಾರಿನದು. ಇಮಾಟಿನಿಬ್ ನೋಡಿ. ಅದರ ಪೂರ್ವಜ ಅಣುವಿಗೆ ಒಂದೇ ಒಂದು ಮೀಥೈಲ್ ಸೇರಿಸಿದ್ದಕ್ಕೆ ಬೇಡದ ಕಡೆ, ಅಂದರೆ ಪ್ರೋಟೀನ್ ಕೈನೇಸ್ ಸಿ ಮೇಲೆ ಇದ್ದ ಪರಿಣಾಮ ಹೋಗಿಬಿಡ್ತು, ಬೇಕಾದ ಕಡೆ ಉಳೀತು. ಆಮೇಲೆ ನೀರಿನಲ್ಲಿ ಕರಗಲಿ ಅಂತ ಇನ್ನೊಂದು ತುದಿಗೆ ಮೀಥೈಲ್‌ಪಿಪರಜೀನ್ ಜೋಡಿಸಿದರು. 2001ರಲ್ಲಿ ಅದು ರಕ್ತದ ಕ್ಯಾನ್ಸರ್‌ಗೆ ಔಷಧವಾಗಿ ಬಂತು. ಒಂದು ಇಂಗಾಲ ಸೇರಿದ್ದಕ್ಕೆ ಅಷ್ಟು ವ್ಯತ್ಯಾಸ. ನನ್ನ ಅಣುವಿಗೆ ಅರ್ಧ ಮೈ ಕತ್ತರಿಸಿದರೂ ವ್ಯತ್ಯಾಸ ಇಲ್ಲ. ಈಗ ಹೇಳುವಾಗ ನಗು ಬರುತ್ತೆ.

ಎರಡು ವರ್ಷ ಕಳೆದ ಮೇಲೆ ವಾರ್ಷಿಕ ರಿವ್ಯೂ. ಹೊರಗಿನಿಂದ ಬಂದಿದ್ದ ಒಬ್ಬ ಸದಸ್ಯರು ಮೂವತ್ತು ಸ್ಲೈಡ್‌ವರೆಗೆ ಒಂದು ಮಾತೂ ಆಡಲಿಲ್ಲ. ಕೊನೆಗೆ ಎದ್ದು ಪರದೆ ಹತ್ತಿರ ಬಂದು, ಗ್ರಾಫಿನ ಗೆರೆ ಮೇಲೆ ಬೆರಳಿಟ್ಟು "ಇದು ಇಷ್ಟು ಕಡಿದಾಗಿ ಯಾಕೆ ಬೀಳುತ್ತೆ? ಅಸ್ಸೇಯಲ್ಲಿ (ಅಣು ಹಾಕಿ ಕಿಣ್ವದ ಕೆಲಸ ಅಳೆಯೋ ಟೆಸ್ಟಿನಲ್ಲಿ) ಡಿಟರ್ಜೆಂಟ್ ಹಾಕಿದ್ದೀರಾ?" ಅಂದರು. ಹಾಕಿರಲಿಲ್ಲ. ಹಿಲ್ ಸ್ಲೋಪ್, ಅಂದರೆ ಆ ಗೆರೆ ಎಷ್ಟು ಕಡಿದು ಅಂತ ಹೇಳೋ ಅಂಕಿ, 2.7 ಇತ್ತು, ಒಂದು ಅಣು ಒಂದು ಜಾಗದಲ್ಲಿ ಕೂತರೆ ಒಂದರ ಆಸುಪಾಸು ಇರಬೇಕು. ಆ ಅಂಕಿಯನ್ನು ನಾನೇ ಪೋಸ್ಟರಿನಲ್ಲಿ ಪ್ರಿಂಟ್ ಹಾಕಿಸಿದ್ದೆ. ನಾನೇ ಓದಿರಲಿಲ್ಲ.

ಅವತ್ತು ರಾತ್ರಿಯೇ ಅಸ್ಸೇ ಮಾಡಿಕೊಡ್ತಿದ್ದ ಲ್ಯಾಬಿಗೆ ಹೋಗಿ ಕೂತೆ. ಟ್ರೈಟಾನ್ ಎಕ್ಸ್-100 ಡಿಟರ್ಜೆಂಟ್ ಬಳಸಿದವರಿಗೆ ಗೊತ್ತು, ಜೇನುತುಪ್ಪದ ಹಾಗೆ ಅಂಟು. ಪೈಪೆಟ್ ಟಿಪ್ಪಿನ ತುದಿ ಕತ್ತರಿಸಿ, ನಿಧಾನವಾಗಿ ಎಳೆದು, ಮೊದಲು ಶೇಕಡಾ ಒಂದರ ಸ್ಟಾಕ್ ಮಾಡಿಕೊಂಡೆ. ಅಸ್ಸೇಯಲ್ಲಿ ಬೇಕಾಗಿದ್ದು ಶೇಕಡಾ 0.01 ಅಷ್ಟೇ. ಬೆಳಗಿನ ಜಾವ ಪ್ಲೇಟ್ ರೀಡರ್ ಅಂಕಿ ಉಗುಳಿತು. ಇಪ್ಪತ್ತನಾಲ್ಕೂ ಗೆರೆಗಳು ನೆಲಕ್ಕೆ ಮಲಗಿದ್ದವು. ನೂರು ಮೈಕ್ರೋಮೋಲಾರ್ ಹಾಕಿದರೂ ಕಿಣ್ವ ಆರಾಮಾಗಿ ಕೆಲಸ ಮಾಡ್ತಿತ್ತು. ಡಿಟರ್ಜೆಂಟ್ ಇಲ್ಲದ ಹಳೇ ಪ್ಲೇಟನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದೆ. ಜಾಸ್ತಿ ಡೋಸಿನ ಬಾವಿಗಳಲ್ಲಿ ತೆಳುವಾದ ಮಬ್ಬು, ಹಾಲಿನ ಲೋಟ ತೊಳೆದ ನೀರಿನ ಹಾಗೆ. ಎರಡು ವರ್ಷ ಅದು ಅಲ್ಲೇ ಇತ್ತು, ನಾನು ಒಮ್ಮೆಯೂ ಬಂದು ನೋಡಿರಲಿಲ್ಲ.

ಆಗಿದ್ದಿಷ್ಟು: ನೀರಿನಲ್ಲಿ ಸರಿಯಾಗಿ ಕರಗದ ಅಣುಗಳು ಒಂದಕ್ಕೊಂದು ಅಂಟಿಕೊಂಡು ಸಣ್ಣ ಸಣ್ಣ ಉಂಡೆಗಳಾಗುತ್ತವೆ. ಕಿಣ್ವ ಆ ಉಂಡೆಯ ಮೈಗೆ ಹತ್ತಿಕೊಂಡು ಸುಮ್ಮನಾಗುತ್ತೆ. ನೋಡೋರಿಗೆ ಅಣು ಕಿಣ್ವವನ್ನು ತಡೆದ ಹಾಗೇ ಕಾಣುತ್ತೆ. ಸ್ವಲ್ಪ ಡಿಟರ್ಜೆಂಟ್ ಬಿದ್ದರೆ ಉಂಡೆ ಒಡೆದು ಬಣ್ಣ ಬಯಲು. ಬ್ರಯಾನ್ ಶೋಯ್ಕೆಟ್ ಅವರ ಲ್ಯಾಬ್ 2002ರಲ್ಲೇ ಇದನ್ನು ವಿವರವಾಗಿ ಬರೆದಿತ್ತು. ನನ್ನ ಗೈಡ್‌ಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಉಳಿದ ಹತ್ತು ಹಿಟ್‌ಗಳನ್ನೂ ಒಂದೇ ವಾರದಲ್ಲಿ ಡಿಟರ್ಜೆಂಟ್ ಹಾಕಿ ನೋಡಿದೆ. ಏಳು ಸತ್ತವು. ಎಂಟನೆಯದು ಬಫರ್ ದ್ರಾವಣದಲ್ಲಿದ್ದ ಡಿಟಿಟಿ ಅನ್ನೋ ರಾಸಾಯನಿಕದ ಜೊತೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಮಾಡಿ ಕಿಣ್ವವನ್ನು ಸುಡ್ತಾ ಇತ್ತು. ಪೆರಾಕ್ಸೈಡನ್ನು ಒಡೆಯೋ ಕೆಟಲೇಸ್ ಹಾಕಿದ ತಕ್ಷಣ ಅದೂ ಹೋಯ್ತು. ಒಂಬತ್ತನೆಯದನ್ನು ನಾನೇ ಹೊಸದಾಗಿ ಶುದ್ಧವಾಗಿ ಮಾಡಿದೆ, ಚಟುವಟಿಕೆಯೇ ಇಲ್ಲ. ಬಾಟಲಿಯಲ್ಲಿದ್ದ ಕಲ್ಮಶದ ಆಟ. ಉಳಿದಿದ್ದು ಒಂದು. ಐಸಿ50 ನಲವತ್ತು ಮೈಕ್ರೋಮೋಲಾರ್, ಯಾರೂ ಎತ್ತಿ ನೋಡದಂಥದ್ದು. ಅದರ ಮೇಲೇ ಥೀಸಿಸ್ ಕಟ್ಟಿದೆ.

ಈಗ ನಿಮ್ಮ ಪ್ರಶ್ನೆ. ನನ್ನ ಎರಡು ವರ್ಷ ಹೋಗಿದ್ದಕ್ಕೆ ನಿಜವಾದ ಕಾರಣ ಡಿಟರ್ಜೆಂಟ್ ಅಲ್ಲ. ನಾನು ಅಣು ಮಾಡಿ ಪ್ಯಾಕ್ ಮಾಡಿ ಬೇರೆ ಲ್ಯಾಬಿಗೆ ಕಳಿಸ್ತಿದ್ದೆ. ಎರಡು ಮೂರು ತಿಂಗಳಾದ ಮೇಲೆ ಒಂದು ಎಕ್ಸೆಲ್ ಶೀಟ್ ಬರೋದು, ಅದರಲ್ಲಿ ಒಂದು ಕಾಲಂ ಅಂಕಿ. ಆ ರಾತ್ರಿಯವರೆಗೆ ಪ್ಲೇಟನ್ನು ನಾನು ಕಣ್ಣಲ್ಲಿ ನೋಡಿರಲೇ ಇಲ್ಲ. ಮೂರನೇ ವರ್ಷ ಹಟ ಮಾಡಿ ಅಸ್ಸೇ ಕಲಿತು ನಮ್ಮ ಬೆಂಚಿಗೇ ತಂದುಕೊಂಡೆ. ಸೋಮವಾರ ಮಾಡಿದ ಅಣುವಿನ ಅಂಕಿ ಶುಕ್ರವಾರದೊಳಗೆ ಕೈಯಲ್ಲಿರ್ತಿತ್ತು. ಮೊದಲ ಎರಡು ವರ್ಷದಲ್ಲಿ ಕಲಿಯದ್ದನ್ನು ಆಮೇಲಿನ ನಾಲ್ಕು ತಿಂಗಳಲ್ಲಿ ಕಲಿತೆ.

ಹಾಗಾಗಿ ಮೂರೂ ಲ್ಯಾಬಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ. ವಿದ್ಯಾರ್ಥಿ ಮಾಡಿದ ಅಥವಾ ಲೆಕ್ಕ ಹಾಕಿದ ಅಣು ಒಂದು ಅಳತೆಯಾಗಿ ಅವನ ಕೈಗೆ ವಾಪಸ್ ಬರೋಕೆ ಎಷ್ಟು ದಿನ ಹಿಡಿಯುತ್ತೆ? ಗೈಡ್‌ನ ಕೇಳಬೇಡಿ, ಮೂರನೇ ವರ್ಷದ ವಿದ್ಯಾರ್ಥಿನ ಕೇಳಿ. ರೋಗದ ಹೆಸರು ನೋಡಿ ಸೇರಬೇಡಿ. ಕ್ಯಾನ್ಸರ್ ಅಂತ ಬೋರ್ಡ್ ಹಾಕಿಕೊಂಡ ಲ್ಯಾಬಿನಲ್ಲಿ ಕಲಿಯೋದೂ ಹುಳದ ಕಿಣ್ವದ ಲ್ಯಾಬಿನಲ್ಲಿ ಕಲಿಯೋದೂ ಅದೇ ಕಸುಬು.


ಲೆಕ್ಕದಮೇಜು:

ಸೋಸುಕಾಗದ ಅವರ ಕಥೆ ಓದಿ ಹೊಟ್ಟೆ ತೊಳಸಿತು, ನಮ್ಮಲ್ಲೂ ಇಂಥವು ಇವೆ. ಆದರೆ ಕಂಪ್ಯೂಟರ್ ಲ್ಯಾಬ್ ಅಂದ ಕೂಡಲೇ ಜನ ಮೂಗು ಮುರೀತಾರೆ, ಅದಕ್ಕೆ ನನ್ನದೂ ನಾಲ್ಕು ಮಾತು. ನಾನು ಈ ಕೆಲಸ ಮಾಡಿಯೇ ಅನ್ನ ತಿನ್ನೋನು.

ಡಾಕಿಂಗ್ ಬಗ್ಗೆ ನೇರವಾಗಿ ಹೇಳ್ತೀನಿ. ಅಣು ಜೇಬಿನೊಳಗೆ ಯಾವ ಭಂಗಿಯಲ್ಲಿ ಕೂರಬಹುದು ಅಂತ ಅದು ಸುಮಾರಾಗಿ ಹೇಳುತ್ತೆ. ಎಷ್ಟು ಗಟ್ಟಿಯಾಗಿ ಹಿಡಿಯುತ್ತೆ ಅನ್ನೋದನ್ನು ಕೆಟ್ಟದಾಗಿ ಹೇಳುತ್ತೆ. ಸ್ಕೋರ್ ಮೈನಸ್ 9.8, ಆದ್ದರಿಂದ ಇದು ಒಳ್ಳೇ ಔಷಧ ಅಂತ ಟೇಬಲ್ ಹಾಕಿ, ಬಣ್ಣದ ಚಿತ್ರ ಅಂಟಿಸಿ ಪೇಪರ್ ಮಾಡೋ ಅಭ್ಯಾಸ ಇದೆಯಲ್ಲ, ನಿಮ್ಮ ಮೊದಲ ಲ್ಯಾಬ್ ಆ ಜಾತಿಯದಾ ಅಂತ ನೋಡಿಕೊಳ್ಳಿ. ಗುರುತು ಹಿಡಿಯೋದು ಸುಲಭ. ಅವರ ಕೊನೆಯ ಐದು ಪೇಪರ್ ತೆಗೆದು, ಹೇಳಿದ ಅಣುಗಳಲ್ಲಿ ಎಷ್ಟನ್ನು ಕೊಂಡು ಅಥವಾ ಮಾಡಿಸಿ ಟೆಸ್ಟ್ ಮಾಡಿದ್ದಾರೆ ಎಣಿಸಿ. ಸೊನ್ನೆ ಬಂದರೆ ಅಲ್ಲಿ ಕಲಿಯೋದು ಚಿತ್ರ ಬಿಡಿಸೋದು.

ಒಳ್ಳೇ ಲ್ಯಾಬ್ ಇದ್ದರೆ ಕಥೆ ಬೇರೆ. ನನ್ನ ಎರಡನೇ ವರ್ಷದಲ್ಲಿ ಪ್ರೋಟೀನಿನ ಒಂದು ಹಿಸ್ಟಿಡಿನ್ (ಒಂದು ಅಮೈನೋ ಆಮ್ಲ) ನನ್ನನ್ನು ಏಳು ವಾರ ಸತಾಯಿಸಿತ್ತು. ಅದರ ಎರಡು ಸಾರಜನಕಗಳಲ್ಲಿ ಹೈಡ್ರೋಜನ್ ಯಾವುದರ ಮೇಲಿದೆ ಅನ್ನೋದನ್ನು ಸಾಫ್ಟ್‌ವೇರ್ ತಾನಾಗೇ ತೀರ್ಮಾನ ಮಾಡಿತ್ತು, ತಪ್ಪಾಗಿ. ಗೊತ್ತಿದ್ದ ಒಳ್ಳೇ ಅಣುಗಳೆಲ್ಲ ಪಟ್ಟಿಯ ತಳಕ್ಕೆ ಹೋಗ್ತಿದ್ದವು. ಕೈಯಾರೆ ತಿರುಗಿಸಿ ಇಟ್ಟೆ, ಪಟ್ಟಿ ಮಗುಚಿತು. ಕ್ರಿಸ್ಟಲ್‌ನಲ್ಲಿದ್ದ ಒಂದು ನೀರಿನ ಅಣುವನ್ನು ಅಳಿಸಿದ್ದಕ್ಕೂ ಒಮ್ಮೆ ಇದೇ ಗತಿ. ರಸಾಯನಶಾಸ್ತ್ರ ಗೊತ್ತಿಲ್ಲದೆ ಬರೀ ಬಟನ್ ಒತ್ತೋರು ಇಂಥದ್ದನ್ನು ಹಿಡಿಯೋಕಾಗಲ್ಲ. ನೀವು ಕೆಮಿಸ್ಟ್ರಿಯಿಂದ ಬರೋರು, ಅದು ಬಂಡವಾಳ.

ಎಐ ಬಂತಲ್ಲ ಅನ್ನೋದಕ್ಕೆ: ಆಲ್ಫಾಫೋಲ್ಡ್ ಅನ್ನೋ ಎಐ ದೊಡ್ಡ ಕೆಲಸ, 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅದಕ್ಕೂ ಪಾಲು ಬಂತು. ಪ್ರೋಟೀನಿನ ಆಕಾರ ಹೇಳೋದು ಒಂದು, ಅದಕ್ಕೆ ಅಣು ಹೊಂದಿಸೋದು ಇನ್ನೊಂದು. ಹಲವು ಕ್ಯಾನ್ಸರ್‌ಗಳ ಹಿಂದಿರೋ ಕೆ-ರಾಸ್ ಉದಾಹರಣೆ ತಗೊಳ್ಳಿ. ಮೈಮೇಲೆ ಹಿಡಿಯೋಕೆ ಜಾಗವೇ ಇಲ್ಲದ ಪ್ರೋಟೀನ್, ಇದಕ್ಕೆ ಔಷಧ ಮಾಡೋಕಾಗಲ್ಲ ಅಂತ ಎಲ್ಲರೂ ಕೈಚೆಲ್ಲಿದ್ದರು. 2013ರಲ್ಲಿ ಕೆವಾನ್ ಶೋಕಟ್ ಅವರ ಲ್ಯಾಬ್, ಜಿ12ಸಿ ರೂಪಾಂತರದಲ್ಲಿ ಬರೋ ಸಿಸ್ಟೀನ್‌ಗೆ ಅಂಟಿಕೊಳ್ಳೋ ಚಿಕ್ಕ ಅಣುಗಳನ್ನು ಹುಡುಕಿತು. ಆಗ ಒಂದು ಜೇಬು ಕಾಣಿಸಿತು. ಹಿಂದಿನ ಕ್ರಿಸ್ಟಲ್ ರಚನೆಗಳಲ್ಲಿ ಅದು ತೆರೆದಿರಲೇ ಇಲ್ಲ. ಅಣು ಬಂದು ಕೂತಾಗ ಬಾಗಿಲು ತೆಗೀತು. ಅಲ್ಲಿಂದ ಎಂಟು ವರ್ಷಕ್ಕೆ, 2021ರಲ್ಲಿ, ಸೋಟೊರಾಸಿಬ್ ಅನ್ನೋ ಔಷಧ ಬಂತು, ಅದನ್ನು ಮಾಡಿದ್ದು ಬೇರೆ ಕಂಪನಿ. ಮುಚ್ಚಿದ ಬಾಗಿಲಿನ ಫೋಟೋ ನೋಡಿ ಒಳಗಿನ ಕೋಣೆ ಊಹಿಸೋಕೆ ನಮ್ಮ ಮೇಜಿನವರಿಗೆ ಇನ್ನೂ ಕಷ್ಟವೇ. ಒಂದು ಲ್ಯಾಬಿನಿಂದ ಏನು ಆಗಬಹುದು ಅನ್ನೋದೂ ಇದರಲ್ಲಿದೆ: ಅವರು ಕೊಟ್ಟಿದ್ದು ಒಂದು ಜೇಬು.


ಕರಗದಕಲ್ಲು:

ಡೆವಲಪ್‌ಮೆಂಟ್ ಕಡೆಯವನು ನಾನು, ಹತ್ತೊಂಬತ್ತು ವರ್ಷವಾಯ್ತು. ಎರಡನೇ ದರ್ಜೆ ಅಂತ ನೋಡ್ತಾರಾ ಅಂತ ಕೇಳಿದ್ದೀರಿ. ನೋಡ್ತಾರೆ, ಅವರ ಅಣು ಕರಗದೆ ಕೂರೋವರೆಗೆ.

ನೀವು ಕ್ವಾಲಿಟಿ ಕಂಟ್ರೋಲ್‌ನಲ್ಲಿದ್ದೀರಲ್ಲ, ರಿಟೊನಾವಿರ್ ಕಥೆ ನಿಮಗೇ ಸೇರಿದ್ದು. ಎಚ್‌ಐವಿ ಔಷಧ, 1996ರಲ್ಲಿ ಬಂತು. 1998ರಲ್ಲಿ ಕ್ಯಾಪ್ಸೂಲ್‌ನ ಕೆಲವು ಬ್ಯಾಚ್‌ಗಳು ಡಿಸೊಲ್ಯೂಷನ್ (ಕರಗೋ) ಟೆಸ್ಟಿನಲ್ಲಿ ಫೇಲ್ ಆಗೋಕೆ ಶುರುವಾದವು. ನೋಡಿದರೆ, ಅದೇ ಅಣು ಬೇರೆ ರೀತಿ ಜೋಡಿಸಿಕೊಂಡು ಹೊಸ ಹರಳು ಆಗಿತ್ತು. ಅಣುವಿನಲ್ಲಿ ಒಂದು ಪರಮಾಣು ಬದಲಾಗಿಲ್ಲ, ಜೋಡಣೆ ಮಾತ್ರ ಬೇರೆ. ಆದರೆ ಕರಗೋದು ಬಹಳ ಕಡಿಮೆ. ಆ ಕ್ಯಾಪ್ಸೂಲನ್ನು ಮಾರುಕಟ್ಟೆಯಿಂದ ತೆಗೀಬೇಕಾಯ್ತು, ಹೊಸ ಫಾರ್ಮುಲೇಷನ್ ಮಾಡಬೇಕಾಯ್ತು. ಅಣು ಕಂಡುಹಿಡಿದವರ ಕೆಲಸ ಅಷ್ಟು ಹೊತ್ತಿಗೆ ಎಂದೋ ಮುಗಿದಿತ್ತು. ಅದು ಕಣ್ಣಿಗೆ ಬಿದ್ದಿದ್ದು ನಿಮ್ಮ ಹಾಗೆ ಟೆಸ್ಟ್ ಮಾಡ್ತಾ ಕೂತವರಿಗೆ.

ಇನ್ನೊಂದು ಟರ್ಫೆನಡಿನ್. ನಿದ್ದೆ ಬರಿಸದ ಅಲರ್ಜಿ ಮಾತ್ರೆ ಅಂತ ಜನ ಖುಷಿಯಾಗಿ ನುಂಗ್ತಿದ್ದರು. ಹೊಟ್ಟೆಗೆ ಹೋದ ಸ್ವಲ್ಪ ಹೊತ್ತಿಗೇ ಲಿವರ್‌ನ ಸಿವೈಪಿ 3ಎ4 ಕಿಣ್ವ ಅದನ್ನು ಇನ್ನೊಂದು ಅಣುವಾಗಿ ಬದಲಿಸಿಬಿಡುತ್ತೆ, ಅಲರ್ಜಿ ಕೆಲಸ ಮಾಡೋದು ಮುಖ್ಯವಾಗಿ ಆ ಎರಡನೆಯದು. ಜೊತೆಗೆ ಕೀಟೊಕೊನಜೋಲ್ ಅಥವಾ ಎರಿಥ್ರೊಮೈಸಿನ್ ತಗೊಂಡರೆ ಆ ಕಿಣ್ವ ಕಟ್ಟಿಹೋಗಿ ಮೂಲ ಅಣುವೇ ರಕ್ತದಲ್ಲಿ ತುಂಬಿಕೊಳ್ಳುತ್ತೆ, ಹೃದಯದ ಹರ್ಗ್ ಚಾನೆಲ್ (ಪೊಟ್ಯಾಸಿಯಂ ಹೊರಹೋಗೋ ದಾರಿ) ಮುಚ್ಚುತ್ತೆ, ಬಡಿತ ತಪ್ಪುತ್ತೆ. ಆ ಎರಡನೇ ಅಣುವನ್ನೇ ಫೆಕ್ಸೊಫೆನಡಿನ್ ಅಂತ ಕೊಡೋಕೆ ಶುರುಮಾಡಿ, 1990ರ ದಶಕದ ಕೊನೆಗೆ ಹಳೆಯದನ್ನು ಹಿಂದಕ್ಕೆ ತೆಗೆದರು. ಈಗ ಇಂಥ ಅಣು ಮನುಷ್ಯರ ಹತ್ತಿರ ಹೋಗೋ ಮುಂಚೆ ಸಾಮಾನ್ಯವಾಗಿ ಹರ್ಗ್ ಟೆಸ್ಟ್ ಮಾಡಿ ನೋಡ್ತಾರೆ. ಇವೆಲ್ಲ ನಮ್ಮ ಕಡೆಯ ಪಾಠಗಳು.

ಮೂರನೇ ಲ್ಯಾಬ್ ಬಗ್ಗೆ ಒಂದು ಎಚ್ಚರಿಕೆ. ನ್ಯಾನೋಕಣ ಅಂದರೆ ಈಗ ಎಲ್ಲರೂ ಮಾಡ್ತಾರೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಗುಂಡಗೆ ಸುಂದರವಾಗಿ ಕಾಣುತ್ತೆ. ಪ್ಲಾಸ್ಮಾಕ್ಕೆ ಹಾಕಿದ ಮೇಲೆ ಗುಂಡಗೇ ಉಳಿದಿದೆಯಾ ಅಂತ ಕೇಳಿ. ಪ್ರಾಣಿಯಲ್ಲಿ ರಕ್ತದ ಮಟ್ಟ ಅಳೆದಿದ್ದಾರಾ, ಅಳೆದಿದ್ದರೆ ಬರೀ ಔಷಧದ ಜೊತೆ ಹೋಲಿಸಿದ್ದಾರಾ ಕೇಳಿ. ಉತ್ತರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದ್ದರೆ ಎದ್ದು ಬನ್ನಿ.


ದಾರಿಹೋಕ:

ಪಿಎಚ್‌ಡಿ ಯಾಕೆ ಬೇಕು ಸ್ವಾಮಿ? ಔಷಧ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಪಿಎಚ್‌ಡಿ ಮುಗಿಸಲೇ ಇಲ್ಲ. ಸಂಜೆ ತರಗತಿಗೆ ಹೋಗ್ತಿದ್ದರು, ಪೂರ್ಣಾವಧಿ ಬರಬೇಕು ಅಂದಾಗ ಕೆಲಸ ಬಿಡಲ್ಲ ಅಂತ ಪದವಿಯನ್ನೇ ಬಿಟ್ಟರು. ರಕ್ತದ ಕ್ಯಾನ್ಸರ್‌ಗೆ ಕೊಡೋ 6-ಮರ್ಕ್ಯಾಪ್ಟೊಪ್ಯೂರಿನ್ ಮಾಡಿದರು, 1988ರಲ್ಲಿ ನೊಬೆಲ್ ತಗೊಂಡರು. ಕಂಪನಿಯಲ್ಲೇ ಇದ್ದು ಡಿಸ್ಕವರಿ ವಿಭಾಗಕ್ಕೆ ಜಿಗಿಯಿರಿ.


ಸೋಸುಕಾಗದ:

ದಾರಿಹೋಕರೇ, ಎಲಿಯನ್ ಅವರ ಹೆಸರು ತಂದಿದ್ದು ಒಳ್ಳೇದಾಯ್ತು. ಆದರೆ ಅವರಿಗೆ ಕಂಪನಿಯಲ್ಲಿ ಹಿಚಿಂಗ್ಸ್ ಅವರಂಥ ಬಾಸ್ ಸಿಕ್ಕಿದ್ದರು. ಒಂದು ಕೆಲಸ ಮುಗಿಸಿದರೆ ಮುಂದಿನದಕ್ಕೆ ಕೈ ಹಾಕೋಕೆ ಬಿಡ್ತಿದ್ದರು. ಕಂಪನಿಯಲ್ಲಿ ಕಳೆದ ಆ ಸುಮಾರು ನಲವತ್ತು ವರ್ಷವೇ ಅವರ ಪಿಎಚ್‌ಡಿ. ಇವತ್ತು ಕ್ವಾಲಿಟಿ ಕಂಟ್ರೋಲ್‌ನಿಂದ ಡಿಸ್ಕವರಿಗೆ ದಾಟೋ ಸೇತುವೆ ತೀರ ಕಿರಿದು. ದಾಟಿದವರು ಇಲ್ಲ ಅನ್ನಲ್ಲ. ದಾಟಿದರೂ ಯಾವ ಅಣು ಮಾಡಬೇಕು ಅಂತ ಬೇರೆಯವರು ಹೇಳ್ತಾರೆ, ನೀವು ಮಾಡ್ತೀರಿ.

ಕೆಲಸದ ಮಾತು ಬಂದಿದ್ದಕ್ಕೆ: ನನ್ನ ಮೊದಲ ಇಂಟರ್‌ವ್ಯೂನಲ್ಲಿ ಪೇಪರ್ ಬಗ್ಗೆ ಐದು ನಿಮಿಷ ಮಾತಾಡಿದ್ದರೆ ಹೆಚ್ಚು. ಆ ಇಪ್ಪತ್ತನಾಲ್ಕು ಸತ್ತ ಅಣುಗಳ ಬಗ್ಗೆ ಮುಕ್ಕಾಲು ಗಂಟೆ ಕೆದಕಿದರು. ಯಾವಾಗ ಅನುಮಾನ ಬಂತು, ಮೊದಲು ಏನು ಮಾಡಿದೆ, ಯಾಕೆ ಅದನ್ನೇ ಮೊದಲು ಮಾಡಿದೆ ಅಂತ.

ಅರ್ಧಮಾತ್ರೆ ಅವರ ಫ್ಲೋರಿನ್ ಪ್ರಶ್ನೆ ಮರೆತಿದ್ದೆ. ನನ್ನ ಆ ಕೊನೆಯ ಅಣುವನ್ನು ಎರಡು ವರ್ಷ ತಿದ್ದಿ ತೀಡಿ ನಲವತ್ತರಿಂದ 0.9 ಮೈಕ್ರೋಮೋಲಾರ್‌ಗೆ ತಂದೆ. ಲಿವರ್ ಮೈಕ್ರೋಸೋಮ್‌ನಲ್ಲಿ (ಔಷಧ ಒಡೆಯೋ ಲಿವರ್ ಕಿಣ್ವಗಳಿರೋ ದ್ರಾವಣದಲ್ಲಿ) ಹಾಕಿದರೆ ಆರು ನಿಮಿಷಕ್ಕೆ ಅರ್ಧ ಖಾಲಿ. ಎಲ್ಲಿ ಕಚ್ಚುತ್ತೆ ಅಂತ ಮಾಸ್ ಸ್ಪೆಕ್‌ನಲ್ಲಿ (ಅಣುವಿನ ತೂಕ ಅಳೆಯೋ ಯಂತ್ರದಲ್ಲಿ) ನೋಡಿದಾಗ ಹದಿನಾಲ್ಕು ದ್ರವ್ಯರಾಶಿ ಕಡಿಮೆ ಇರೋ ಪೀಕ್. ಅಂದರೆ ಮೆಥಾಕ್ಸಿಯ ಮೀಥೈಲನ್ನು ಕಿಣ್ವ ತಿಂದು ಹಾಕ್ತಿದೆ. ಅಲ್ಲಿ ಹೈಡ್ರೋಜನ್ ಜಾಗಕ್ಕೆ ಎರಡು ಫ್ಲೋರಿನ್ ಇಟ್ಟೆ, ಅರ್ಧಾಯುಷ್ಯ ಮೂವತ್ತೊಂದು ನಿಮಿಷ ಆಯ್ತು. ಐಸಿ50 ಹತ್ತು ಪಟ್ಟು ಕೆಟ್ಟಿತು. ಕೊಟ್ಟ ಕೈಯಲ್ಲೇ ಕಿತ್ತುಕೊಂಡ ಹಾಗೆ. ಕೆಲವರಿಗೆ ಎರಡೂ ಕೂಡಿ ಬರುತ್ತೆ: ಕೊಲೆಸ್ಟರಾಲ್‌ನ ಎಜೆಟಿಮೈಬ್‌ನಲ್ಲಿ ಎರಡು ಬೆಂಜೀನ್ ಉಂಗುರಗಳ ತುದಿಗೆ ಒಂದೊಂದು ಫ್ಲೋರಿನ್ ಇದೆಯಲ್ಲ, ಅವೂ ದೇಹ ಅಲ್ಲಿ ಕಚ್ಚದಿರಲಿ ಅಂತ ಇಟ್ಟವು. ನೀವು ಪರದೆ ಮೇಲೆ ನೋಡೋ ಫ್ಲೋರಿನ್ ಹಿಂದೆಯೂ ಬಹುಶಃ ಹೀಗೇ ಯಾರದೋ ಆರು ನಿಮಿಷದ ಸಂಕಟ ಇರುತ್ತೆ.


ಅರ್ಧಮಾತ್ರೆ:

ಎಲ್ಲರಿಗೂ ಧನ್ಯವಾದ. ಮೂರು ವಾರ ಸುಮ್ಮನಿದ್ದಿದ್ದಕ್ಕೆ ಕ್ಷಮಿಸಿ, ರಜೆ ಹಾಕಿ ಮೂರೂ ಲ್ಯಾಬ್ ಸುತ್ತಿ ಬಂದೆ. ಎಷ್ಟು ದಿನ ಅಂತ ಎಲ್ಲ ಕಡೆ ಕೇಳಿದೆ, ಮೂರನೇ ವರ್ಷದವರನ್ನೇ ಹುಡುಕಿ.

ಮೊದಲ ಲ್ಯಾಬಿನಲ್ಲಿ ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಒಂದು ಸಲ ಆರು ಅಣುಗಳನ್ನು ಬೇರೆಯವರಿಗೆ ಟೆಸ್ಟಿಗೆ ಕೊಟ್ಟಿದ್ದಾರಂತೆ, ಎಂಟು ತಿಂಗಳಾಯ್ತು, ಇನ್ನೂ ಬಂದಿಲ್ಲ. ಪೇಪರ್ ಮಾತ್ರ ಬಂದಿದೆ. ಲೆಕ್ಕದಮೇಜು ಅವರು ಹೇಳಿದ ಹಾಗೆ ಐದು ಪೇಪರ್ ಎಣಿಸಿದೆ, ಸೊನ್ನೆ.

ಮೂರನೇ ಲ್ಯಾಬ್ ನಾನಂದುಕೊಂಡಿದ್ದಕ್ಕಿಂತ ಚೆನ್ನಾಗಿದೆ. ಪ್ಲಾಸ್ಮಾ ಪ್ರಶ್ನೆ ಕೇಳಿದ್ದಕ್ಕೆ ಗೈಡ್ ನಕ್ಕು, ಗುಂಡಗೆ ಉಳಿಯದೆ ಉದುರಿಹೋದ ಕಣಗಳ ಫೋಟೋನೇ ತೋರಿಸಿದರು. ಅಂಕಿ ಅದೇ ದಿನ ಸಿಗುತ್ತೆ. ಅಣು ಮಾತ್ರ ಯಾವಾಗಲೂ ಬೇರೆಯವರದು.

ಎರಡನೇ ಲ್ಯಾಬ್: ಒಂಬತ್ತು ದಿನ. ಆಕೆ ಉತ್ತರ ಹೇಳೋ ಬದಲು ನೋಟ್‌ಬುಕ್ ತೆಗೆದು ತಾರೀಖು ತೋರಿಸಿದಳು. ಹಿಂದಿನ ಪುಟಗಳಲ್ಲಿ ಒಂದು ಪಟ್ಟಿ ಇತ್ತು, ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದ ಕಾಂಪೌಂಡ್ ನಂಬರ್‌ಗಳು, ಪಕ್ಕದಲ್ಲಿ ಯಾಕೆ ಸತ್ತಿತು ಅಂತ ಒಂದೊಂದು ಸಾಲು. ಡಿಟರ್ಜೆಂಟ್ ಅಂತ ಎರಡು ಕಡೆ ಬರೆದಿತ್ತು. ಅಲ್ಲಿಗೆ ಹೂಂ ಅಂದಿದ್ದೇನೆ. ಮೂರನೇ ಲ್ಯಾಬಿನ ಗೈಡ್, ಮೈಕ್ರೋಸೋಮ್ ಟೆಸ್ಟ್ ಕಲಿಯೋಕೆ ವರ್ಷಕ್ಕೆ ಒಂದೆರಡು ತಿಂಗಳು ಬಂದು ಕೂರಬಹುದು ಅಂದಿದ್ದಾರೆ. ಆರು ವರ್ಷ ಆದರೆ ಆಗಲಿ. ಆಫೀಸಿನ ಹಿರಿಯರಿಗೆ ಇನ್ನೂ ಹೇಳಿಲ್ಲ.

ಸೇರೋಕೆ ಮುಂಚೆ ಇನ್ನೇನಾದರೂ ಹೇಳೋದಿದ್ದರೆ ಹೇಳಿ.


ಕರಗದಕಲ್ಲು:

ಅಣು ಮಾಡಿದ ದಿನವೇ ಬಫರ್‌ನಲ್ಲಿ ಎಷ್ಟು ಕರಗುತ್ತೆ ಅಳೆದು ಬರೆದಿಡಿ. ಅರ್ಧ ಗಂಟೆ ಕೆಲಸ.


ಸೋಸುಕಾಗದ:

ಅಣು ಕರಗಿಸಿಡೋ ಡಿಎಂಎಸ್‌ಓ ದ್ರಾವಕದ ಬಾಟಲಿ ಮುಚ್ಚಳ ತೆರೆದಿಡಬೇಡಿ, ಗಾಳಿಯಲ್ಲಿರೋ ನೀರನ್ನು ಹೀರುತ್ತೆ, ಸ್ಟಾಕ್ ತೆಳುವಾಗುತ್ತೆ. 18.5 ಡಿಗ್ರಿಗೇ ಅದು ಗಟ್ಟಿಯಾಗೋದು, ಹಾಗಾಗಿ ಫ್ರೀಜರ್‌ನಿಂದ ತೆಗೆದ ಸ್ಟಾಕನ್ನು ಪೂರ್ತಿ ಕರಗಿಸಿ, ಚೆನ್ನಾಗಿ ಅಲುಗಾಡಿಸಿ, ಬೆಳಕಿಗೆ ಹಿಡಿದು ನೋಡಿ ಆಮೇಲೆ ಪೈಪೆಟ್ ಹಾಕಿ. ತಳದಲ್ಲಿ ಪುಡಿ ಕಂಡರೆ ಅವತ್ತಿನ ಪ್ಲೇಟ್ ಬೇಡ.